ಪಟ್ಟಣಕ್ಕೆ ಬಂದ ಸಂಧಾನದ ಪಾದ್ರಿ

1771ರ ಮಾರ್ಚ್ ತಿಂಗಳ ಒಂದು ರಾತ್ರಿ ಮೇಲುಕೋಟೆಯ ಕಡೆಯಿಂದ ಹೈದರಾಲಿಯ ಸೈನ್ಯ ಶ್ರೀರಂಗಪಟ್ಟಣದತ್ತ ಗುಟ್ಟಾಗಿ ಹೊರಟಿತು. ಬೆನ್ನಟ್ಟಿದ್ದವನು ಮರಾಠರ ತ್ರಿಂಬಕರಾವ್. ಗುಟ್ಟು ಬೆಳಗಾಗುವುದರೊಳಗೆ ರಟ್ಟಾಯಿತು. ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ನಡೆದದ್ದನ್ನು ಯುದ್ಧ ಎನ್ನುವುದಕ್ಕಿಂತ ಕೊಲೆ ಎನ್ನುವುದೇ ಸರಿ. ಹೈದರನು ಒಂಟಿ ಕುದುರೆಯ ಮೇಲೆ ಪಟ್ಟಣ ಸೇರಿದನು. ಮಗ ಟಿಪ್ಪು ಬೈರಾಗಿಯ ವೇಷ ತೊಟ್ಟು ತಡವಾಗಿ ಬಂದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಗೆದ್ದವರು ಮೇಲುಕೋಟೆಗೆ ನುಗ್ಗಿ, ಬೇಕಾದ ಲೂಟಿ ಸಿಗದೆ ಹೋದಾಗ, ಕಬ್ಬಿಣದ ಪಟ್ಟಿಗಳ ಆಸೆಗೆ ದೇವರ ಮರದ ತೇರುಗಳಿಗೇ ಬೆಂಕಿಯಿಟ್ಟರು. ಚೆಲುವರಾಯನ ತೇರನ್ನು ಸುಟ್ಟವರೂ ಹಿಂದೂಗಳೇ ಆಗಿದ್ದರು ಎಂಬುದನ್ನು ಚರಿತ್ರೆ ಓದುವವರು ಮರೆಯಬಾರದು. ಕಬ್ಬಿಣಕ್ಕೆ ಜಾತಿಯಿಲ್ಲ.

ಈ ಸೋಲಿಗಿಂತ ಹೆಚ್ಚಾಗಿ ಹೈದರನ ಎದೆಯಲ್ಲಿ ಉಳಿದದ್ದು ಬೇರೊಂದು. ಎರಡೇ ವರ್ಷ ಹಿಂದೆ, 1769ರ ಏಪ್ರಿಲಿನಲ್ಲಿ, ಅವನು ಮದರಾಸಿನ ಬಾಗಿಲವರೆಗೆ ಕುದುರೆ ಓಡಿಸಿ ಇಂಗ್ಲಿಷ್ ಕಂಪನಿಯಿಂದ ಕರಾರು ಬರೆಸಿಕೊಂಡಿದ್ದನು. ಒಬ್ಬರ ಮೇಲೆ ಶತ್ರು ಬಿದ್ದರೆ ಇನ್ನೊಬ್ಬರು ನೆರವಾಗಬೇಕು ಎಂಬುದು ಅದರ ತಿರುಳು. ಮರಾಠರು ಏರಿ ಬಂದಾಗ ಹೈದರನು ಆ ಕಾಗದವನ್ನು ಮುಂದಿಟ್ಟು ಕೇಳಿದನು, ಮತ್ತೆ ಮತ್ತೆ ಕೇಳಿದನು. ಮದರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಚಿನಕುರಳಿಯ ಹೊಲಗಳಲ್ಲಿ ಬಿದ್ದ ಹೆಣಗಳ ಲೆಕ್ಕವನ್ನು ಅವನು ಅರ್ಧ ಮರಾಠರ ಖಾತೆಗೆ, ಅರ್ಧ ಕಂಪನಿಯ ಖಾತೆಗೆ ಬರೆದಿಟ್ಟುಕೊಂಡನು. ಓದುಬರಹ ಬಾರದ ಆ ನವಾಬನಿಗೆ ಲೆಕ್ಕ ಮರೆಯುವ ಅಭ್ಯಾಸವಿರಲಿಲ್ಲ.

ಎಂಟು ವರ್ಷ ಕಳೆದವು. 1779ರ ಮಾರ್ಚಿನಲ್ಲಿ ಕಂಪನಿಯ ಸೈನ್ಯ ಮಲಬಾರ್ ಕರಾವಳಿಯ ಮಾಹೆಯನ್ನು ಫ್ರೆಂಚರಿಂದ ಕಿತ್ತುಕೊಂಡಿತು. ಹೈದರನಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದ ಬಾಗಿಲು ಅದೇ. ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಮೊದಲೇ ಎಚ್ಚರಿಸಿದ್ದನು. ಆಮೇಲೆ ಗುಂಟೂರಿನ ಪ್ರಕರಣ ಬಂತು. ನಿಜಾಮನ ತಮ್ಮ ಬಸಾಲತ್ ಜಂಗನಿಂದ ಆ ಸೀಮೆಯನ್ನು ಬರೆಸಿಕೊಂಡ ಕಂಪನಿ, ಅವನಿಗೆ ನೆರವಾಗಿ ಕರ್ನಲ್ ಹಾರ್ಪರನ ಪಡೆಯನ್ನು ಹೈದರನ ಕೈಯಲ್ಲಿದ್ದ ಕಡಪದ ನೆಲದ ಮೂಲಕವೇ ನಡೆಸಲು ಹೊರಟಿತು. ಯುದ್ಧದ ವಾಸನೆ ಎಲ್ಲರಿಗೂ ಹತ್ತಿತ್ತು. ಆಗ ಮದರಾಸಿನ ಗವರ್ನರ್ ಸರ್ ಥಾಮಸ್ ರಂಬೋಲ್ಡನಿಗೆ ಒಬ್ಬ ಪಾದ್ರಿಯ ನೆನಪಾಯಿತು.

ಕ್ರಿಸ್ಟಿಯಾನ್ ಫ್ರೆಡರಿಕ್ ಶ್ವಾರ್ಟ್ಸ್ 1726ರಲ್ಲಿ ಪ್ರಷ್ಯದ ಸೊನ್ನೆನ್‌ಬುರ್ಗ್ ಎಂಬ ಊರಿನಲ್ಲಿ ಹುಟ್ಟಿದವರು. 1750ರಲ್ಲಿ ಡೇನರ ತರಂಗಂಬಾಡಿಗೆ ಬಂದಿಳಿದ ಲೂಥರನ್ ಪಾದ್ರಿ, ಮತ್ತೆ ತಾಯ್ನಾಡಿಗೆ ತಿರುಗಿ ಹೋಗಲಿಲ್ಲ, ಮದುವೆಯೂ ಆಗಲಿಲ್ಲ. ತಿರುಚಿನಾಪಳ್ಳಿ, ತಂಜಾವೂರುಗಳಲ್ಲಿ ಅನ್ನ ಪಲ್ಯ ಉಂಡುಕೊಂಡು ಬದುಕಿದರು. ತಮಿಳು, ಪಾರ್ಸಿ, ಹಿಂದೂಸ್ತಾನಿ, ಮರಾಠಿ, ಪೋರ್ಚುಗೀಸ್ ಅವರ ನಾಲಿಗೆಯ ಮೇಲಿದ್ದವು. ಕಂಪನಿಯ ಸಾಹೇಬರು ಮೂರು ವರ್ಷದಲ್ಲಿ ಗಂಟು ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಮನುಷ್ಯ ಗಂಟೇ ಕಟ್ಟಲಿಲ್ಲ ಎಂಬ ಸುದ್ದಿ ಘಟ್ಟ ಹತ್ತಿ ಪಟ್ಟಣದ ದರ್ಬಾರಿಗೂ ಮುಟ್ಟಿತ್ತು. ಕಂಪನಿಯ ದೂತರು ಬೇಡ, ಆ ಕ್ರಿಸ್ತನವನನ್ನು ಕಳುಹಿಸಿ, ಅವನು ಮೋಸ ಮಾಡಲಾರ ಎಂದು ಹೈದರನೇ ಹೇಳಿದನೆಂಬ ಮಾತು ಆ ಕಾಲದಿಂದಲೂ ನಡೆದುಬಂದಿದೆ. ಹೇಳಿದ್ದರೂ ಆಶ್ಚರ್ಯವಿಲ್ಲ, ಜನರನ್ನು ತೂಗುವುದರಲ್ಲಿ ಅವನ ಕೈ ಪಳಗಿತ್ತು.

ಪಾದ್ರಿಗಳು ತಕ್ಷಣ ಒಪ್ಪಲಿಲ್ಲ. ರಾಜಕಾರಣ ತಮ್ಮ ಕೆಲಸವಲ್ಲ ಎಂಬ ಅಳುಕು ಅವರಿಗಿತ್ತು. ಕೊನೆಗೆ ಒಪ್ಪಿದ ಕಾರಣಗಳನ್ನು ಅವರೇ ಬರೆದಿಟ್ಟಿದ್ದಾರೆ: ರಕ್ತಪಾತ ತಪ್ಪಬಹುದು, ಹೋದಲ್ಲೆಲ್ಲ ದೇವರ ಮಾತು ಹೇಳಬಹುದು, ತಮ್ಮ ಶಾಲೆ ಚರ್ಚುಗಳಿಗೆ ಕಂಪನಿ ಮಾಡಿದ ಉಪಕಾರಕ್ಕೆ ಋಣ ತೀರಿಸಿದಂತಾಗಬಹುದು. ಜೊತೆಗೆ ಒಂದು ಸಂಕಲ್ಪವನ್ನೂ ಮಾಡಿಕೊಂಡರು. ಯಾರಿಂದಲೂ ಉಡುಗೊರೆ ಮುಟ್ಟಬಾರದು, ದಾರಿಖರ್ಚಿಗಿಂತ ಒಂದು ಕಾಸು ಹೆಚ್ಚು ತೆಗೆದುಕೊಳ್ಳಬಾರದು.

1779ರ ಜುಲೈನಲ್ಲಿ ಪಯಣ ಆರಂಭವಾಯಿತು. ಕರೂರಿನಲ್ಲಿ ಹೈದರನ ಅಪ್ಪಣೆಗಾಗಿ ವಾರಗಟ್ಟಲೆ ಕಾದರು. ಸತ್ಯಮಂಗಲ ದಾಟಿ ಗಜಲಹಟ್ಟಿ ಕಣಿವೆಯನ್ನು ಹತ್ತಿ ಮೈಸೂರು ಸೀಮೆಗೆ ಕಾಲಿಟ್ಟರು. ದಾರಿಯುದ್ದಕ್ಕೂ ಅವರ ಕಣ್ಣು ಸುಮ್ಮನಿರಲಿಲ್ಲ. ಸೇತುವೆ, ರಸ್ತೆಗಳನ್ನು ಹೈದರನು ಎಷ್ಟು ಚೆನ್ನಾಗಿ ಇಟ್ಟಿದ್ದಾನೆಂದು ಮೆಚ್ಚಿ ಬರೆದರು. ಮಳೆ ಬಂದು ಮಣ್ಣು ಕೊಚ್ಚಿಹೋದರೆ ಆಯಾ ಊರಿನ ಅಧಿಕಾರಿ ಮತ್ತೆ ಮಣ್ಣು ಹಾಕಿಸಲೇಬೇಕಿತ್ತು. ಇಂದಿನ ನಮ್ಮ ತಾಲ್ಲೂಕುಗಳ ರಸ್ತೆಯಲ್ಲಿ ಮಳೆಗಾಲ ಕಳೆದವರು ಈ ಸಾಲನ್ನು ಓದಿ ನಿಟ್ಟುಸಿರು ಬಿಡಬಹುದು. ಆಗಸ್ಟ್ ಕೊನೆಗೆ ಪಲ್ಲಕ್ಕಿ ಕಾವೇರಿಯ ದಂಡೆಗೆ ಬಂತು.

ಕೋಟೆಯೊಳಗೆ ಮನೆ ಕೊಟ್ಟಿದ್ದರೂ ಪಾದ್ರಿಗಳು ಹೊರಗೆ ಡೇರೆಯಲ್ಲಿ ಇಳಿದುಕೊಂಡರು; ಪಟ್ಟಣದ ಜ್ವರದ ಹೆಸರು ಆಗಲೇ ದೂರದೂರಕ್ಕೆ ಕೇಳಿಸಿತ್ತು. ಹೈದರನ ಪಡೆಯಲ್ಲಿ ಫ್ರೆಂಚರು, ಜರ್ಮನರು ಇದ್ದರು. ಮುಂದೆ ಈ ಪರದೇಶಿ ಸಿಪಾಯಿಗಳ ಪಾಳೆಯದಿಂದಲೇ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿತ್ತು, ಪಾಂಡವಪುರ ಎಂಬ ಹೆಸರು ನೆಲೆಗೊಂಡದ್ದು ಬಹಳ ಈಚೆಗೆ. ಆ ಜರ್ಮನ್ ಸಿಪಾಯಿಗಳನ್ನು ಕೂಡಿಸಿಕೊಂಡು ಶ್ವಾರ್ಟ್ಸರು ತಾಯ್ನುಡಿಯಲ್ಲಿ ಪ್ರಾರ್ಥನೆ ನಡೆಸಿದರು. ಗಟ್ಟಿಯಾಗಿ ಕೀರ್ತನೆಗಳನ್ನು ಹಾಡಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಯಾರು ಯಾವ ದೇವರನ್ನು ನಂಬುತ್ತಾರೆಂಬುದು ಹೈದರನಿಗೆ ಲೆಕ್ಕಕ್ಕೇ ಇರಲಿಲ್ಲವೆಂದು ಅವರು ಸೋಜಿಗದಿಂದ ಬರೆದಿದ್ದಾರೆ.

ಅರಮನೆಯ ಎದುರಿಗೆ ವಿಶಾಲ ಬಯಲು. ಎರಡು ಕಡೆಯೂ ತೆರೆದ ಪಡಸಾಲೆಗಳು, ಅಲ್ಲಿ ದಂಡಿನ ಮತ್ತು ಕಂದಾಯದ ಕಚೇರಿಗಳು. ಉಪ್ಪರಿಗೆಯಿಂದ ನವಾಬನು ಎಲ್ಲರನ್ನೂ ಒಂದೇ ನೋಟದಲ್ಲಿ ನೋಡಬಹುದಾಗಿತ್ತು, ಎಲ್ಲರಿಗೂ ಆ ನೋಟದ ಅರಿವಿತ್ತು. ಪತ್ರ ಬರೆಸುವ ರೀತಿ ಪಾದ್ರಿಗಳನ್ನು ಬೆರಗುಗೊಳಿಸಿತು. ಒಬ್ಬ ಮುನ್ಷಿಯಿಂದ ಬರೆಸಿ ಓದಿಸುವನು. ಆಮೇಲೆ ಇನ್ನೊಬ್ಬನನ್ನು ಕರೆದು ಅದನ್ನೇ ಮತ್ತೆ ಓದಿಸುವನು. ಎರಡು ಓದಿನ ನಡುವೆ ಒಂದು ಮಾತು ವ್ಯತ್ಯಾಸವಾದರೆ ಬರೆದವನ ತಲೆ ಉಳಿಯುವುದು ಕಷ್ಟ. ಚಾವಟಿ ಹಿಡಿದ ಇನ್ನೂರು ಜನ ಸದಾ ಸಿದ್ಧ. ಹೊಡೆತ ಬೀಳದ ದಿನವಿಲ್ಲ, ಸುಂಕದವನಿಂದ ಹಿಡಿದು ಮನೆಮಂದಿಯವರೆಗೆ ಯಾರಿಗೂ ವಿನಾಯಿತಿಯಿಲ್ಲ. ಈ ರಾಜ್ಯ ನಡೆಯುವುದು ಭಯದ ಮೇಲೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹೈದರನನ್ನು ಹೊಗಳುವವರೂ ತೆಗಳುವವರೂ ಅವರ ದಿನಚರಿಯ ಅರ್ಧರ್ಧವನ್ನೇ ಹರಿದುಕೊಳ್ಳುತ್ತಾರೆ. ಸೇತುವೆಯನ್ನೂ ಚಾವಟಿಯನ್ನೂ ಒಂದೇ ಶಾಯಿಯಲ್ಲಿ ಬರೆದದ್ದಕ್ಕೇ ನನಗೆ ಆ ಬರಹದ ಮೇಲೆ ನಂಬಿಕೆ.

ಹೈದರನು ಪಾದ್ರಿಗಳನ್ನು ಪಕ್ಕದಲ್ಲೇ ಕೂರಿಸಿಕೊಂಡನು. ನೆಲಕ್ಕೆ ನವುರಾದ ರತ್ನಗಂಬಳಿ ಹಾಸಿತ್ತು. ಬಂದವರ ಮಾತನ್ನು ಪೂರ್ತಿ ಕೇಳಿ, ತನ್ನದನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಆಣೆಯಿಟ್ಟು ಮಾಡಿದ ಕರಾರುಗಳನ್ನು ಯೂರೋಪಿನವರೇ ಮುರಿದರು. ಆದರೂ ತಾನು ಅವರೊಡನೆ ಶಾಂತಿಯಿಂದಿರಲು ಸಿದ್ಧ. ಕಾಗದಕ್ಕೂ ಅದನ್ನೇ ಬರೆಸಿದನು. ತಾನು ಆಡಿದ್ದರ ಸಾರ ಈ ಪತ್ರದಲ್ಲಿದೆ, ವಿಸ್ತಾರವನ್ನು ನೀವೇ ಬಾಯಿಂದ ತಿಳಿಸಬೇಕು ಎಂದನು. ಮುರಿದ ಕರಾರು ಯಾವುದೆಂದು ಈ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿನಕುರಳಿ ಆ ಪಡಸಾಲೆಯಿಂದ ಕೆಲವೇ ಹರದಾರಿ.

ಬೀಳ್ಕೊಡುಗೆಯ ಸಂಜೆ ನವಾಬನು ಒಂದು ಆಸೆ ತೋಡಿಕೊಂಡನು: ತನ್ನ ಜನರೊಡನೆ ಆಡಿದಂತೆ ತನ್ನೆದುರಿಗೂ ಪಾರ್ಸಿಯಲ್ಲಿ ಮಾತಾಡಬೇಕು. ಶ್ವಾರ್ಟ್ಸರು ಎದ್ದು, ರಾಜಕಾರಣದ ಗೊಡವೆ ಬೇಡದ ಒಬ್ಬ ಪೂಜಾರಿ ಇಷ್ಟು ದೂರ ಯಾಕೆ ಬಂದ ಎಂಬುದನ್ನು ವಿವರಿಸಿದರು. ಯುದ್ಧದ ಘೋರವನ್ನು ಕಣ್ಣಾರೆ ಕಂಡಿದ್ದೇನೆ, ಎರಡು ಸರ್ಕಾರಗಳ ಸ್ನೇಹ ಗಟ್ಟಿಯಾದರೆ ಈ ಬಡ ನಾಡಿನ ಜನ ಉಸಿರಾಡುತ್ತಾರೆ, ಶಾಂತಿಯ ದೇವರ ಸೇವಕನಿಗೆ ಇದು ಅಗೌರವದ ಕೆಲಸವಲ್ಲ ಎಂಬ ಅರ್ಥದ ಮಾತು. ಹೈದರನು ಒಳ್ಳೆಯದು, ಒಳ್ಳೆಯದು ಎಂದು ತಲೆದೂಗಿದನು. ಇಂಗ್ಲಿಷರು ನಿಮ್ಮಷ್ಟೇ ಶಾಂತಿಪ್ರಿಯರಾಗಿದ್ದರೆ ಸಾಕು, ಅವರು ಕೈ ಚಾಚಿದರೆ ತಾನು ಕೈ ಹಿಂತೆಗೆಯುವುದಿಲ್ಲ, ಆದರೆ ಒಂದು ಷರತ್ತು...

ಆ ಷರತ್ತು ಏನೆಂದು ಲೋಕಕ್ಕೆ ತಿಳಿಯಲೇ ಇಲ್ಲ. ಉಳಿದುಬಂದ ಬರಹದಲ್ಲಿ ವಾಕ್ಯ ಅಲ್ಲಿಗೇ ತುಂಡಾಗಿದೆ. ಬರೆದವರೇ ನಿಲ್ಲಿಸಿದರೋ, ಪ್ರಕಟಿಸಿದವರು ನುಂಗಿದರೋ! ದೂತನಾಗಿ ಹೋದವನು ಒಡೆಯನ ಗುಟ್ಟನ್ನು ಸ್ನೇಹಿತರಿಗೆ ಬರೆಯುವ ಪತ್ರದಲ್ಲಿ ಹೇಳಬಾರದೆಂಬ ನಿಯತ್ತು ಅವರದಾಗಿತ್ತೆಂದು ನಾನು ಊಹಿಸುತ್ತೇನೆ. ಷರತ್ತು ತಿಳಿದಿದ್ದರೆ ಮದರಾಸಿನವರು ಈಡೇರಿಸುತ್ತಿದ್ದರು ಎಂದು ಮಾತ್ರ ಯಾರೂ ನಂಬಬೇಕಾಗಿಲ್ಲ. ಪಾದ್ರಿಗಳು ಪಟ್ಟಣದಲ್ಲಿ ಶಾಂತಿಯ ಮಾತಾಡುತ್ತಿದ್ದ ಅದೇ ಮಳೆಗಾಲದಲ್ಲಿ ಹಾರ್ಪರನ ಪಡೆ ಕಡಪದ ದಾರಿ ಹಿಡಿದಿತ್ತು.

ಪಲ್ಲಕ್ಕಿ ಹತ್ತಿದಾಗ ಒಳಗೊಂದು ಹಣದ ಚೀಲ. 300 ರೂಪಾಯಿ, ನವಾಬನು ದಾರಿಖರ್ಚಿಗೆಂದು ಇಡಿಸಿದ್ದು. ವಾಪಸು ಕೊಡಹೋದರೆ, ತೆಗೆದುಕೊಂಡು ಹೋದರೆ ನಮ್ಮ ಜೀವ ಉಳಿಯದು ಎಂದು ಅಧಿಕಾರಿಗಳು ಅಂಗಲಾಚಿದರು. ತಾವೇ ಹೋಗಿ ಹಿಂದಿರುಗಿಸುವೆನೆಂದರೆ, ಬೀಳ್ಕೊಟ್ಟ ಮೇಲೆ ಮತ್ತೆ ದರ್ಶನ ಮಾಡುವುದು ಮರ್ಯಾದೆಯಲ್ಲ. ಚಾವಟಿಯವರನ್ನು ಕಣ್ಣಾರೆ ಕಂಡಿದ್ದ ಪಾದ್ರಿಗಳು ಚೀಲವನ್ನು ಇಟ್ಟುಕೊಂಡು ಮದರಾಸಿನಲ್ಲಿ ಕಂಪನಿಗೆ ಒಪ್ಪಿಸಿದರು. ಕಂಪನಿ ನೀವೇ ಇಟ್ಟುಕೊಳ್ಳಿ ಎಂದಿತು. ಆ ಹಣ ತಂಜಾವೂರಿನ ಬಡ ಮಕ್ಕಳ ಶಾಲೆಗೆ ಮೂಲಧನವಾಯಿತು.

ಪತ್ರ ಓದಿದ ಮದರಾಸು ಏನು ಮಾಡಿತು? ಕಪಾಟಿನಲ್ಲಿಟ್ಟಿತು. 1780ರ ಆರಂಭದಲ್ಲಿ ಗ್ರೇ ಎಂಬ ಇನ್ನೊಬ್ಬ ದೂತನನ್ನು ಕಳುಹಿಸಿತು. ಅವನು ತಂದ ಜೀನನ್ನೂ ಬಂದೂಕನ್ನೂ ಹೈದರನು ಹಿಂದಕ್ಕೆ ಕೊಟ್ಟು, ಅವನನ್ನು ಬರಿಗೈಯಲ್ಲಿ ಕಳಿಸಿದನು. ರಂಬೋಲ್ಡನು ಏಪ್ರಿಲಿನಲ್ಲಿ ಹಡಗು ಹತ್ತಿದನು. ಜುಲೈನಲ್ಲಿ ಹೈದರನ ದಂಡು ಘಟ್ಟ ಇಳಿದು ಕರ್ನಾಟಿಕಿನ ಬಯಲಿಗೆ ಬೆಂಕಿ ಇಟ್ಟಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು. ಅದರ ಚಿತ್ರವನ್ನು ಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈಗಲೂ ನೋಡಬಹುದು. ಆ ಗೋಡೆಯಲ್ಲಿ ಆನೆ, ಪಲ್ಲಕ್ಕಿ, ಸಿಡಿಯುವ ಮದ್ದಿನ ಬಂಡಿ ಎಲ್ಲವೂ ಇವೆ, ಪಾದ್ರಿ ಇಲ್ಲ.

ತಮ್ಮನ್ನು ಮುಂದೆ ಕೂರಿಸಿ ಮದರಾಸಿನವರು ಬೆನ್ನ ಹಿಂದೆ ಬೇರೆ ಆಟ ಹೂಡಿದ್ದರೆಂದು ಶ್ವಾರ್ಟ್ಸರಿಗೆ ಅರಿವಾಗದೆ ಇರಲಿಲ್ಲ. ಇಷ್ಟಾದರೂ ಅವರ ಮೇಲಿನ ಹೈದರನ ವಿಶ್ವಾಸ ಕೆಡಲಿಲ್ಲ. ಊರೂರು ಉರಿಯುತ್ತಿದ್ದಾಗಲೂ ಪಾದ್ರಿಗಳನ್ನು ತಡೆಯಬೇಡಿ, ಗೌರವದಿಂದ ಕಾಣಿರಿ, ಅವರು ಸಾಧುಗಳು ಎಂಬ ಅಪ್ಪಣೆ ಅವನ ದಂಡಿನಲ್ಲಿ ಹೊರಟಿತ್ತು. ಇತ್ತ ತಂಜಾವೂರಿನ ಕೋಟೆಯಲ್ಲಿ ಹಸಿವು ಹೆಣ ಉರುಳಿಸುತ್ತಿತ್ತು. ಹೊರಗೆ ಹಳ್ಳಿಗಳಲ್ಲಿ ಭತ್ತವಿದ್ದರೂ ಹೇರಿಕೊಂಡು ಬರುವ ಎತ್ತುಗಳಿರಲಿಲ್ಲ. ಹಿಂದೆ ತಂದವರಿಗೆ ಬಾಡಿಗೆ ಕೊಡದೆ ಹೊಡೆದು ಕಳಿಸಿದ್ದರು. ರಾಜನ ಮಾತು ನಡೆಯಲಿಲ್ಲ, ಕಂಪನಿಯ ಮಾತೂ ನಡೆಯಲಿಲ್ಲ. ಹಣಕ್ಕೆ ನಾನು ಹೊಣೆ ಎಂದು ಪಾದ್ರಿಗಳು ಹಳ್ಳಿಗಳಿಗೆ ಹೇಳಿಕಳುಹಿಸಿದ ಮೇಲೆ ಎತ್ತುಗಳು ಬಂದವು. ಅಗ್ಗದ ಕಾಲದಲ್ಲಿ ತಾವು ಕೊಂಡು ಕೂಡಿಟ್ಟಿದ್ದ ಅಕ್ಕಿಯನ್ನೂ ಬೇಯಿಸಿ ಹಂಚಿದರು. ಗವರ್ನರನ ಕಾಗದ ಹೊತ್ತು ಪಟ್ಟಣದಲ್ಲಿ ಮಾಡಲಾಗದ್ದನ್ನು ಕಾಗದವಿಲ್ಲದೆ ಇಲ್ಲಿ ಮಾಡಿದರು ಎನ್ನಬೇಕು.

ಹೈದರನು 1782ರ ಡಿಸೆಂಬರಿನಲ್ಲಿ ತೀರಿಕೊಂಡನು. ಮರುವರ್ಷ ಮದರಾಸಿನ ಲಾರ್ಡ್ ಮೆಕಾರ್ಟ್ನಿ ಟಿಪ್ಪುವಿನ ಬಳಿಗೆ ಸಂಧಾನಕಾರರೊಡನೆ ಮತ್ತೆ ಶ್ವಾರ್ಟ್ಸರನ್ನೇ ಕಳುಹಿಸಬೇಕೆಂದನು. ವಯಸ್ಸಾಗಿದ್ದರೂ ಹೊರಟರು. ಸತ್ಯಮಂಗಲದ ಬಳಿ ಟಿಪ್ಪುವಿನ ಸಿಪಾಯಿಗಳು ಅಡ್ಡಗಟ್ಟಿದರು. ನವಾಬನ ಅಪ್ಪಣೆಯಿಲ್ಲ, ಮುಂದೆ ದಾರಿಯಿಲ್ಲ. ಪಾದ್ರಿಗಳು ತಿರುಗಿ ನಡೆದರು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ ಅವರಿಲ್ಲದೆಯೇ ಆಯಿತು.

ಘಟ್ಟದ ಬುಡದಲ್ಲಿ ತಡೆಯಲ್ಪಟ್ಟ ಈ ಮುದುಕನನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಪ್ಯಾಲೆಸ್ಟೈನಿನ ತಪಾಸಣೆ ಠಾಣೆಗಳ ಕಡೆಗೆ ಹೋಗುತ್ತದೆ. ಆ ನೆಲ ನಮಗೆ ತೀರ ಅಪರಿಚಿತವಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಗೆದ್ದ ಕುದುರೆ ಪಡೆಗಳಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು; ನಮ್ಮವರು ಅಲ್ಲಿಗೆ ಹೋದದ್ದು ಈಟಿ ಹಿಡಿದು. ಮೂವತ್ತು ವರ್ಷದೊಳಗೆ ಅಲ್ಲಿ ಯಹೂದಿಗಳಿಗೂ ಅರಬರಿಗೂ ಬಿದ್ದ ಬೆಂಕಿ ಇಂದಿಗೂ ಆರಿಲ್ಲ. ಜೆರುಸಲೇಮಿನ ಚರ್ಚುಗಳ ಹಿರಿಯರು ನೆರವಿಗೆ ಕರೆದಾಗ ಲೋಕದ ಚರ್ಚುಗಳ ಒಕ್ಕೂಟ 2002ರಲ್ಲಿ ಒಂದು ಕಾರ್ಯಕ್ರಮ ಹೂಡಿತು. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಸುಮಾರು ಮೂರು ತಿಂಗಳು ಅಲ್ಲಿದ್ದು, ಠಾಣೆಗಳಲ್ಲಿ ನಿಂತು ಕಂಡದ್ದನ್ನು ಬರೆದಿಡುತ್ತಾರೆ, ಶಾಲೆಗೆ ಹೋಗುವ ಮಕ್ಕಳ ಜೊತೆ ನಡೆಯುತ್ತಾರೆ. 2009ರ ಡಿಸೆಂಬರಿನಲ್ಲಿ ಪ್ಯಾಲೆಸ್ಟೈನಿನ ಕ್ರೈಸ್ತರೇ ಬೆತ್ಲೆಹೇಮಿನಿಂದ ಕೈರೋಸ್ ಎಂಬ ಮನವಿ ಹೊರಡಿಸಿದರು. ಸೇನೆಯ ಆಕ್ರಮಿತ ಆಳ್ವಿಕೆ ಪಾಪ ಎಂದರು, ಪ್ರತಿಭಟನೆ ಪ್ರೀತಿಯ ದಾರಿಯಲ್ಲೇ ಇರಬೇಕೆಂದರು. ಅದರ ಹಿಂದಿದ್ದವರಲ್ಲಿ ನಜರೇತಿನಲ್ಲಿ ಹುಟ್ಟಿ ಜೆರುಸಲೇಮಿನ ಕ್ಯಾಥೊಲಿಕ್ ಕುಲಪತಿಯಾಗಿದ್ದ ಮಿಶೆಲ್ ಸಬ್ಬಾಹ್ ಪ್ರಮುಖರು. ಆ ಮನವಿ ಒಂದು ಕಡೆಗೇ ವಾಲಿದೆ ಎಂದು ಹಲವು ಯಹೂದಿ ಸಂಘಟನೆಗಳು ಆಕ್ಷೇಪಿಸಿದವು. ಬಸ್ಸುಗಳಲ್ಲಿ ಬಾಂಬು ಸಿಡಿದು ಮಕ್ಕಳನ್ನು ಕಳೆದುಕೊಂಡವರ ಕಿವಿಗೆ ಅದು ಹೇಗೆ ಕೇಳಿಸೀತೆಂಬುದನ್ನು ತಳ್ಳಿಹಾಕಲಾಗದು. ಹೈದರನು ಶ್ವಾರ್ಟ್ಸರ ಮೇಲಿಟ್ಟಂಥ ನಂಬಿಕೆ ಎರಡೂ ಕಡೆಯಿಂದ ಸಿಗುವುದು ಈ ಹೊಸ ಪಾದ್ರಿಗಳಿಗೆ ಬಹು ಕಷ್ಟ. ಆದರೆ ಇವರ ಜೇಬಿನಲ್ಲಿ ಯಾವ ಗವರ್ನರನ ಕಾಗದವೂ ಇಲ್ಲ. ಅಷ್ಟರ ಮಟ್ಟಿಗೆ 1779ಕ್ಕಿಂತ ಇವರ ಸ್ಥಿತಿ ಮೇಲು.

ನಮ್ಮ ಸೀಮೆಯ ಕತೆಗೆ ಬರೋಣ. ಮಂಗಳೂರು ಒಪ್ಪಂದದ ವರ್ಷವೇ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಕಂಪನಿಗೆ ನೆರವಾದರೆಂಬ ಆರೋಪದ ಮೇಲೆ ಸೆರೆಹಿಡಿದು ಪಟ್ಟಣಕ್ಕೆ ನಡೆಸಿದನು. ದಾರಿಯಲ್ಲಿ ಸತ್ತವರೆಷ್ಟೋ, ಮತ ಬಿಡಬೇಕಾಗಿ ಬಂದವರೆಷ್ಟೋ. 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರದವರೆಗೆ ಬಂದನು. ಟಿಪ್ಪು ಮೊದಲೇ ಸುತ್ತಲ ಹಳ್ಳಿಗಳನ್ನು ಖಾಲಿ ಮಾಡಿಸಿ ಮೇವು ಸುಡಿಸಿದ್ದನು. ಕಂಪನಿಯ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಕಾರ್ನ್‌ವಾಲಿಸ್ ಕನ್ನಂಬಾಡಿಯ ಕಡೆಯಿಂದ ಹಿಂದಿರುಗಿದನು. ನೆರವಿಗೆ ಬಂದ ಮರಾಠರು ಮೇಲುಕೋಟೆಯ ಸುತ್ತ ಬೀಡುಬಿಟ್ಟರು, ಕಂಪನಿಯ ಹಸಿದ ಸಿಪಾಯಿಗಳಿಗೆ ದುಬಾರಿ ಬೆಲೆಗೆ ದವಸ ಮಾರಿದರು. ಅವರ ಕುದುರೆಗಳು ಮೇಯ್ದ ಮೇಲೆ ಅತ್ತಿಕುಪ್ಪೆಯಲ್ಲಿ, ಅಂದರೆ ಇಂದಿನ ಕೃಷ್ಣರಾಜಪೇಟೆಯ ಸೀಮೆಯಲ್ಲಿ, ರೈತನಿಗೆ ಉಳಿದಿದ್ದೇನು ಎಂದು ಯಾರೂ ಬರೆದಿಡಲಿಲ್ಲ. ನಾಗಮಂಗಲದ ತೋಟಗಳು ಮರಾಠರ ಕೊಡಲಿಗೆ ತುತ್ತಾದವು. ಇಪ್ಪತ್ತು ವರ್ಷಗಳಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮೇಲೆ ಹಾದುಹೋದ ದಂಡುಗಳನ್ನು ಎಣಿಸಿದರೆ, ಇಲ್ಲಿ ರಾಗಿ ಬೆಳೆದದ್ದೇ ಅಚ್ಚರಿ ಅನ್ನಿಸುತ್ತದೆ.

ಶ್ವಾರ್ಟ್ಸರು 1798ರ ಫೆಬ್ರವರಿ 13ರಂದು ತಂಜಾವೂರಿನಲ್ಲಿ ಕಣ್ಣುಮುಚ್ಚಿದರು. ಅವರ ಸಾಕುಮಗನಂತಿದ್ದ ರಾಜ ಸರ್ಫೋಜಿ ಲಂಡನ್ನಿನ ಶಿಲ್ಪಿ ಫ್ಲಾಕ್ಸ್‌ಮನ್‌ನಿಂದ ಅಮೃತಶಿಲೆಯ ಸ್ಮಾರಕ ಕೆತ್ತಿಸಿದನು. ಅದೇ ವರ್ಷ ಗವರ್ನರ್ ಜನರಲ್ ಆಗಿ ಬಂದ ಮಾರ್ನಿಂಗ್‌ಟನ್, ಟಿಪ್ಪುವಿನ ಬಳಿಗೆ ಮಾತುಕತೆಗೆ ಮೇಜರ್ ಡವ್ಟನ್ ಎಂಬ ಸಿಪಾಯಿಯನ್ನು ಕಳುಹಿಸುವೆನೆಂದನು. ಟಿಪ್ಪು ದಿನ ತಳ್ಳಿದನು. ದಂಡು ಹೊರಟಿತು. 1799ರ ಮೇ 4ರಂದು ಕೋಟೆ ಬಿತ್ತು.

ಆಮೇಲೆ ಪಟ್ಟಣಕ್ಕೆ ಇನ್ನೊಬ್ಬ ಪಾದ್ರಿ ಬಂದರು, ಫ್ರಾನ್ಸಿನ ಅಬ್ಬೆ ದುಬ್ವಾ. ಚೆದುರಿಹೋದ ಕ್ರೈಸ್ತರನ್ನು ಕೂಡಿಸಲು ಬಂದವರು ಗಂಜಾಮಿನಲ್ಲಿ ನೆಲೆಸಿ, ನಮ್ಮ ಉಡುಪು ಉಟ್ಟು, ನಮ್ಮ ಊಟ ಉಂಡು, ದೊಡ್ಡಸ್ವಾಮಿ ಎನಿಸಿಕೊಂಡರು. ಅವರು ಯಾವ ಎರಡು ಸರ್ಕಾರಗಳ ನಡುವೆಯೂ ಓಡಾಡಲಿಲ್ಲ. ಸಿಡುಬಿನ ಚುಚ್ಚುಮದ್ದು ಹೊಸದಾಗಿ ಬಂದಿತ್ತು, ಜನ ಹೆದರುತ್ತಿದ್ದರು. ದೊಡ್ಡಸ್ವಾಮಿ ಹಳ್ಳಿ ಹಳ್ಳಿಗೆ ಹೋಗಿ ಒಪ್ಪಿಸಿದರು. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಚುಚ್ಚಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಿದೆ. 1823ರಲ್ಲಿ ಅವರು ಸ್ವದೇಶಕ್ಕೆ ಹೊರಟುಹೋದರು.